ಹಳೇ ಆಟಗಾರ ಬೇಕಾ?

ಪೊಂಗಲ್ ವಾಲಿಬಾಲ್ ಪಂದ್ಯಕ್ಕೆ ಉಡುಮಲೈ ಪಕ್ಕದ ನಮ್ಮೂರಿನ ತಂಡ ಕಟ್ಟುವಾಗ ಜಗಳವೇ ಆಯ್ತು. ತಿರುಪ್ಪೂರಿನ ಬನಿಯನ್ ಕೆಲಸ ಬಿಟ್ಟು ಊರಿಗೆ ಬಂದಿದ್ದ ನಮ್ಮಣ್ಣ, 42 ವರ್ಷ, "ನನ್ನೂ ಸೇರಿಸ್ಕೊಳ್ಳಿ" ಅಂದ. ನನಗೆ ಸರ್ವಿಸ್ ಹಾಕೋದು ಕಲಿಸಿದವನೇ ಅವನು. ಆದರೂ ನಾನು ಬೇಡ ಅಂದೆ. ಇರೋದು ಆರೇ ಜಾಗ. ಅವನು ನಿಂತರೆ ಒಬ್ಬ ಹುಡುಗ ಹೊರಗೆ ಕೂರಬೇಕು. ಮಂಡಿನೋವಿನ ಅಣ್ಣನಿಗೆ ಮೊದಲಿನಂತೆ ಹಾರೋಕೂ ಆಗ್ತಿರಲಿಲ್ಲ.

ಆ ರಾತ್ರಿ ರಾಹುಲ್ ದ್ರಾವಿಡ್ ನೆನಪಾದರು. 2011ರ ಐಪಿಎಲ್ ಹರಾಜಿನಲ್ಲಿ ಅವರ ಸ್ವಂತ ಊರು ಬೆಂಗಳೂರಿನ ತಂಡ ಅವರನ್ನು ಕೊಳ್ಳಲಿಲ್ಲ. 38 ತುಂಬುವುದರಲ್ಲಿತ್ತು. ರಾಜಸ್ಥಾನ ತಂಡ ಕರೆದುಕೊಂಡಿತು. 2013ರಲ್ಲಿ ಅವರ ನಾಯಕತ್ವದಲ್ಲೇ 18 ವರ್ಷದ ಸಂಜು ಸ್ಯಾಮ್ಸನ್, 41 ವರ್ಷದ ಪ್ರವೀಣ್ ತಾಂಬೆ ಇಬ್ಬರೂ ಮೊದಲ ಐಪಿಎಲ್ ಪಂದ್ಯ ಆಡಿದರು. ಹಳಬರು ಬಂದರೆ ಹುಡುಗರ ದಾರಿ ಮುಚ್ಚುತ್ತೆ ಅಂತ ಹೇಗೆ ಹೇಳೋದು?

ಬೆಳಿಗ್ಗೆ ಅಣ್ಣನಿಗೆ ಹೇಳಿದೆ: "ಬಾ. ಆದ್ರೆ ಹುಡುಗನ ಜಾಗ ಹುಡುಗನಿಗೇ ಇರಲಿ. ಯಾರಾದ್ರೂ ಸುಸ್ತಾದಾಗ ನೀನು ಇಳಿ. ದಿನಾ ಸಂಜೆ ಎಲ್ಲರಿಗೂ ಕಲಿಸು." ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಸರಿ" ಅಂದ.

ಸೆಮಿಫೈನಲ್‌ನಲ್ಲಿ ಸೋತೆವು. ಅಣ್ಣ ಅಂಗಳದಲ್ಲಿ ಇದ್ದದ್ದು ಹತ್ತು ಪಾಯಿಂಟಿನಷ್ಟು ಹೊತ್ತು, ಅಷ್ಟೇ. ಆದರೆ ಈಗ ಸಂಜೆ ಮೈದಾನಕ್ಕೆ ಹೋದರೆ ಹನ್ನೊಂದು ಹುಡುಗರು ಸರ್ವಿಸ್ ಹಾಕ್ತಿರ್ತಾರೆ. ಎಲ್ಲರ ಕೈಯೂ ಅಣ್ಣನ ಕೈಯಂತೆಯೇ ತಿರುಗುತ್ತೆ.

ವಯಸ್ಸಾದವರನ್ನು ತಂಡಕ್ಕೆ ತಗೋಬೇಕಾ ಅಂದ್ರೆ, ತಗೊಳ್ಳಿ ಅಂತೀನಿ. ಯಾತಕ್ಕೆ ಅನ್ನೋದನ್ನ ಮಾತ್ರ ಅವರಿಗೆ ಮೊದಲೇ ಬಾಯಿಬಿಟ್ಟು ಹೇಳಿ.