ರಿವಾಯತ್ ಎಂದರೆ ಬರೀ ಹಾಡೇ?

ನಮ್ಮ ಇಳಕಲ್, ಹುನಗುಂದ ಕಡೆ ರಿವಾಯತ್ ಎಂದರೆ ಮೊಹರಂ ಹಾಡು. ಹಾಡುವುದು ಅಚ್ಚ ಕನ್ನಡದಲ್ಲಿ. ಹಾಡುವವರಲ್ಲಿ ಹಿಂದೂ ಸಹೋದರರೂ ಇರುತ್ತಾರೆ. ಹಸನ್, ಹುಸೈನರ ಕಥೆ, ಹಿಜರಿ 61ರ ಕರ್ಬಲಾದ ದುಃಖ ಅದರಲ್ಲಿ ತುಂಬಿರುತ್ತದೆ.

ಆದರೆ ಅರಬಿಯಲ್ಲಿ ಈ ಪದಕ್ಕೆ ಹಾಡು ಎಂಬ ಅರ್ಥವಿಲ್ಲ. ಕೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದೇ ರಿವಾಯತ್. ತಲುಪಿಸುವವರು ರಾವಿ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ರಾವಿಯ ಹೆಸರು, ನಡತೆ, ನೆನಪಿನ ಶಕ್ತಿ ಎಲ್ಲವನ್ನೂ ವಿಚಾರಿಸುತ್ತಿದ್ದರು. ಹ. ಆಯಿಶಾ(ರ) ಅವರಿಂದ ಬಂದ ಹದೀಸ್‌ಗಳೇ ಎರಡು ಸಾವಿರಕ್ಕೂ ಹೆಚ್ಚು. ರಾವಿ ಎಂದರೆ ಗಂಡಸರೇ ಎಂದುಕೊಂಡವರಿಗೆ ಇದನ್ನು ಹೇಳಬೇಕು!

ನಮ್ಮ ಓಣಿಯ ಹುಡುಗಿಯೊಬ್ಬಳ ಮಂಗ್ನಿ ಮುರಿದುಬಿತ್ತು. ಯಾಕೆಂದರೆ, "ಮಂದಿ ಏನೇನೋ ಅಂತಾರ್ರೀ." ಯಾವ ಮಂದಿ? ಯಾರಿಗೂ ಗೊತ್ತಿಲ್ಲ. ಹುಡುಗಿಯ ನಾನಿ ಸುಮ್ಮನೆ ಕೂರಲಿಲ್ಲ. ಬುರ್ಖಾ ಹಾಕಿಕೊಂಡು ಮನೆ ಮನೆಗೆ ಹೋಗಿ, "ನಿನಗ ಹೇಳಿದ ರಾವಿ ಯಾರವ್ವಾ?" ಎಂದು ಕೇಳಿದರು. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು. ಆರನೆಯ ಮನೆಗೆ ಬಂದಾಗ ಸುದ್ದಿ ಅಲ್ಲೇ ನಿಂತಿತು. ಅಲ್ಲಿಯ ಹೆಂಗಸು ಹುಡುಗಿಯ ಮುಖವನ್ನೇ ನೋಡಿದವಳಲ್ಲ.

ಗಂಡಿನ ಕಡೆಯವರು ತಿರುಗಿ ಬಂದರು. ಹುಡುಗಿ ಒಪ್ಪಲಿಲ್ಲ.