ಮರಳಿ ಬರುವ ಬಾಗಿಲು

ನಾವಿಬ್ಬರೂ, ಗಂಡ ಹೆಂಡತಿ, ಕೇಂದ್ರ ಸರ್ಕಾರದ ನೌಕರರು. ತಿಂಗಳ ಕೊನೆಗೆ ಸಂಬಳ, ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ, ಜುಲೈಯಲ್ಲಿ ವೇತನ ಬಡ್ತಿ. ಇವಿಷ್ಟರ ಲಯಕ್ಕೆ ವಾಶಿಯ ನಮ್ಮ ಸಂಸಾರ ಎಂದೋ ಒಗ್ಗಿಹೋಗಿತ್ತು. ಇಂಥ ಮನೆಯಲ್ಲಿ ಕಳೆದ ವರ್ಷದ ಒಂದು ಭಾನುವಾರ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಮಗಳು ಊಟದ ನಡುವೆ, "ನಾನು ಕ್ಯಾಂಪಸ್ ಸಂದರ್ಶನಕ್ಕೆ ಹೆಸರು ಕೊಡುವುದಿಲ್ಲ" ಎಂದಳು.

ಅವಳೂ ಇಬ್ಬರು ಸಹಪಾಠಿಗಳೂ ಸೇರಿ ಒಂದು ಪುಟ್ಟ ಯಂತ್ರ ಮಾಡಿದ್ದರು. ಗೋಣಿಯೊಳಗಿನ ಈರುಳ್ಳಿ ಕೊಳೆಯತೊಡಗಿದ್ದನ್ನು, ನಮ್ಮ ಮೂಗಿಗೆ ತಿಳಿಯುವ ಮೊದಲೇ ತಿಳಿಸುವ ಯಂತ್ರ. ವಾಶಿಯ ಎಪಿಎಂಸಿ ಮಾರುಕಟ್ಟೆ ನಮ್ಮ ಮನೆಗೆ ದೂರವಲ್ಲ. ಮಳೆಗಾಲದಲ್ಲಿ ಆ ಕಡೆಯಿಂದ ತೇಲಿಬರುವ ವಾಸನೆಗೆ ನಾವು ಇಷ್ಟು ವರ್ಷ ಕಿಟಕಿ ಮುಚ್ಚುತ್ತ ಬಂದಿದ್ದೆವು. ಅವಳು ಅದರಲ್ಲಿ ಒಂದು ಕಸುಬನ್ನು ಕಂಡಿದ್ದಳು. ವಿದ್ಯಾರ್ಥಿಗಳ ಉದ್ದಿಮೆಗೆ ನೆರವಾಗುವ ಕಾಲೇಜಿನ ಇನ್‌ಕ್ಯುಬೇಷನ್ ಕೇಂದ್ರ ಅವರನ್ನು ಸೇರಿಸಿಕೊಳ್ಳಲು ಒಪ್ಪಿತ್ತು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮಲ್ಲೊಬ್ಬರು ಮಂಗಳಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರಾದ್ದರಿಂದ, ಚಿಂತೆ ಬಂದಾಗಲೆಲ್ಲ ಶಬ್ದಗಳ ಮೂಲ ಹುಡುಕುವ ಚಾಳಿ ಮನೆಗೆ ಅಂಟಿಕೊಂಡಿದೆ. ಇನ್‌ಕ್ಯುಬೇಟರ್ ಎಂದರೆ ಕಾವು ಕೊಡುವ ಪೆಟ್ಟಿಗೆ. ಈ ಹೆಸರು ಉದ್ದಿಮೆಗೆ ಅಂಟಿದ ಕತೆ ಸ್ವಾರಸ್ಯದ್ದು. ನ್ಯೂಯಾರ್ಕ್ ರಾಜ್ಯದ ಬಟಾವಿಯಾ ಎಂಬ ಊರಿನಲ್ಲಿ ದೊಡ್ಡ ಕಾರ್ಖಾನೆಯೊಂದು ಮುಚ್ಚಿ ಜನ ಕೆಲಸ ಕಳೆದುಕೊಂಡಾಗ, ಜೋಸೆಫ್ ಮಂಕೂಸೋ ಎಂಬವರು 1959ರಲ್ಲಿ ಆ ಕಟ್ಟಡವನ್ನು ಸಣ್ಣ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಡತೊಡಗಿದರು. ಬಾಡಿಗೆಗೆ ಬಂದವರಲ್ಲಿ ಕೋಳಿಮರಿ ಮಾಡಿಸುವ ಕಂಪೆನಿಯೂ ಒಂದಿತ್ತು. ಅದನ್ನು ಕಂಡು ಅವರು ತಮಾಷೆಗೆ ಆಡಿದ ಮಾತೇ ಜಗತ್ತಿನ ವಿಶ್ವವಿದ್ಯಾಲಯಗಳಿಗೆಲ್ಲ ಹಬ್ಬಿತು. ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನದ ಕಾವು ಸಾಕು. ಮಗಳ ಯಂತ್ರಕ್ಕೆ ಎಷ್ಟು ದಿನ? ಒಡೆಯದೆ ಉಳಿದ ಮೊಟ್ಟೆಯ ಗತಿ ಏನು? ನಮ್ಮ ಪ್ರಶ್ನೆಗಳು ಇವಾಗಿದ್ದವು.

ಮುಂದಿನ ಶನಿವಾರ ಆ ಕೇಂದ್ರವನ್ನು ನೋಡಿಬಂದೆವು. ಉದ್ದನೆಯ ಕೊಠಡಿ, ಹಂಚಿಕೊಂಡ ಮೇಜುಗಳು, ಮೂಲೆಯಲ್ಲೊಂದು ತ್ರೀಡಿ ಪ್ರಿಂಟರ್, ಗೋಡೆಯ ತುಂಬ ಬಣ್ಣದ ಚೀಟಿಗಳು. ಕಂಪೆನಿ ನೋಂದಾಯಿಸುವುದು, ಪೇಟೆಂಟಿಗೆ ಅರ್ಜಿ ಬರೆಯುವುದು, ಲೆಕ್ಕ ಇಡುವುದು, ಮೊದಲ ಗಿರಾಕಿಯನ್ನು ಹುಡುಕುವುದು, ಇವನ್ನೆಲ್ಲ ಅನುಭವಸ್ಥರು ಬಂದು ಹೇಳಿಕೊಡುತ್ತಾರೆ. ಕಡತ ಕಂಡರೆ ಸಮಾಧಾನವಾಗುವ ಜನ ನಾವು, ಅಲ್ಲಿಯೂ ಕಡತಗಳಿದ್ದವು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ನಿಧಿ ಪ್ರಯಾಸ್' ಯೋಜನೆಯಲ್ಲಿ ಮಾದರಿ ಯಂತ್ರ ತಯಾರಿಸಲು 10 ಲಕ್ಷ ರೂಪಾಯಿಯವರೆಗೆ ನೆರವುಂಟು. 2021ರಲ್ಲಿ ಬಂದ ಸ್ಟಾರ್ಟ್‌ಅಪ್ ಇಂಡಿಯಾ ಬೀಜಧನ ಯೋಜನೆಯಲ್ಲಿ ಇಂಥ ಕೇಂದ್ರಗಳ ಮೂಲಕವೇ 20 ಲಕ್ಷದವರೆಗೆ ಅನುದಾನ ಸಿಗಬಹುದು. 2019ರ ರಾಷ್ಟ್ರೀಯ ನೀತಿಯಂತೂ, ಉದ್ದಿಮೆ ನಡೆಸುವ ವಿದ್ಯಾರ್ಥಿಯ ಹಾಜರಿ ಕಡಿಮೆಯಾದರೂ ಸಂಸ್ಥೆಯ ಅನುಮತಿಯಿದ್ದರೆ ಪರೀಕ್ಷೆಗೆ ಕೂರಬಹುದೆನ್ನುತ್ತದೆ. ನಮ್ಮ ಕಾಲದಲ್ಲಿ ಹಾಜರಿ ಕಡಿಮೆಯಾದರೆ ಅಪ್ಪನನ್ನು ಕರೆತರಬೇಕಿತ್ತು.

ಮಗಳ ಬಳಿ ಇನ್ನೊಂದು ಅಸ್ತ್ರವೂ ಇತ್ತು. "ಕೊಪರ್‌ಖೈರಣೆ ದಾಟಿದರೆ ಮಹಾಪೆ. ಅಲ್ಲಿಯ ಐಡಿಯಾಫೋರ್ಜ್ ನೋಡಿ" ಎಂದಳು. ಪವಾಯಿಯ ಐಐಟಿಯಲ್ಲಿ ಓದಿದ ಗೆಳೆಯರು 2007ರಲ್ಲಿ ಕಟ್ಟಿದ ಡ್ರೋನ್ ಕಂಪೆನಿ ಅದು. 2004ರಲ್ಲಿ ಆರಂಭವಾದ ಆ ಐಐಟಿಯ 'ಸೈನ್' ಎಂಬ ಕೇಂದ್ರದಲ್ಲೇ ಅದು ಕಾವು ಪಡೆದದ್ದು. 2009ರ 'ತ್ರೀ ಈಡಿಯಟ್ಸ್' ಚಿತ್ರದಲ್ಲಿ ಹಾರಾಡಿದ ಯಂತ್ರ ಅವರದೇ. 2023ರ ಜುಲೈಯಲ್ಲಿ ಅದರ ಶೇರು ಮಾರುಕಟ್ಟೆಗೆ ಬಂತು. ಮಗಳು 2023ನ್ನು ಕಂಡಳು. ನಾವು 2007ಕ್ಕೂ 2023ಕ್ಕೂ ನಡುವಣ ಹದಿನಾರು ವರ್ಷಗಳನ್ನು ಎಣಿಸಿದೆವು.

ಕೇಂದ್ರದ ಮುಖ್ಯಸ್ಥರನ್ನು ನಾವು ಕೇಳಿದ್ದು ಒಂದೇ ಪ್ರಶ್ನೆ: "ಸೋತವರು ಏನಾಗುತ್ತಾರೆ?" ಆ ಮನುಷ್ಯ ಪ್ರಾಮಾಣಿಕರು. "ಹೆಚ್ಚಿನವು ಮುಚ್ಚುತ್ತವೆ. ಕೆಲವು ಐಐಟಿ, ಐಐಎಂಗಳಲ್ಲಿ ಉದ್ದಿಮೆ ಕೈಕೊಟ್ಟರೆ ಒಂದೆರಡು ವರ್ಷದೊಳಗೆ ಮರಳಿ ಬಂದು ಕ್ಯಾಂಪಸ್ ಸಂದರ್ಶನಕ್ಕೆ ಕೂರುವ ಅವಕಾಶವಿದೆ. ನಮ್ಮಲ್ಲಿ ಇನ್ನೂ ಇಲ್ಲ" ಎಂದರು.

ಮನೆಗೆ ಬರುವ ದಾರಿಯಲ್ಲಿ ನಮಗೆ ಹೊಳೆದದ್ದು, ಈ ಏರ್ಪಾಡು ನಮಗೆ ಹೊಸದೇನಲ್ಲ ಎಂಬುದು. ನಮ್ಮ ನೌಕರಿಯ ಭಾಷೆಯಲ್ಲಿ ಅದಕ್ಕೆ 'ಲೀನ್' ಎನ್ನುತ್ತಾರೆ. ಕಾಯಂ ಆದ ನೌಕರನೊಬ್ಬ ಬೇರೊಂದು ಸರ್ಕಾರಿ ಇಲಾಖೆಗೆ ಹೋದರೆ, ಹಳೆಯ ಹುದ್ದೆಯ ಮೇಲಿನ ಅವನ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಉಳಿದಿರುತ್ತದೆ. ಹೊಂದದಿದ್ದರೆ ಮರಳಿ ಬರಬಹುದು. ನಾವೇ ಒಮ್ಮೆ ಆ ಹಕ್ಕಿನ ಧೈರ್ಯದಿಂದ ಇಲಾಖೆ ಬದಲಿಸಿದವರು. ಮರಳುವ ಬಾಗಿಲು ತೆರೆದಿದ್ದರಿಂದಲೇ ಹೊರಗೆ ಕಾಲಿಟ್ಟಿದ್ದ ನಾವು, ಮಗಳಿಗೆ ಮಾತ್ರ ಹೊರಗೆ ಹೋಗಲೇಬೇಡ ಎನ್ನುತ್ತಿದ್ದೆವು.

ಮರುದಿನ ಡೊಂಬಿವಲಿಯ ಚಿಕ್ಕಪ್ಪನನ್ನು ಕಾಣಲು ಹೋದೆವು. ಉಡುಪಿ ಸೀಮೆಯಿಂದ ಬಾಲ್ಯದಲ್ಲೇ ಮುಂಬಯಿಗೆ ಬಂದು, ಮಾಟುಂಗದ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು ಅವರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕತೆ ಮುಂಬಯಿ ಕನ್ನಡಿಗರಿಗೆಲ್ಲ ಗೊತ್ತು. ಗೆದ್ದವರ ಹೆಸರು ಫಲಕದಲ್ಲಿ ಉಳಿಯುತ್ತದೆ. ಚಿಕ್ಕಪ್ಪ ಮೊದಲು ಸೋತವರು. ಕೂಡಿಟ್ಟ ದುಡ್ಡಿನಲ್ಲಿ ಪರೇಲಿನ ಗಿರಣಿಯೊಂದರ ಬಾಗಿಲ ಬಳಿ ಚಹಾ ತಿಂಡಿಯ ಅಂಗಡಿ ತೆರೆದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಗಿರಣಿಯ ಸೈರನ್ ನಿಂತಿತು, ಅಂಗಡಿಯ ಒಲೆಯೂ ಆರಿತು.

"ಸಾಲ ತಲೆಯ ಮೇಲೆ. ಊರಿಗೆ ಹೋಗಲು ಮುಖ ಇಲ್ಲ. ಕತ್ತಲಾದ ಮೇಲೆ ಮಾಟುಂಗಕ್ಕೆ ಹೋದೆ" ಎಂದರು ಚಿಕ್ಕಪ್ಪ. "ಧಣಿಗಳು ಲೆಕ್ಕ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. 'ಊಟ ಆಯಿತಾ?' ಅಂದರು. ಮರುದಿನ ಗಲ್ಲಾದಲ್ಲಿ ಕೂರಿಸಿದರು. ಆಮೇಲೆ ಮೂರು ವರ್ಷಕ್ಕೆ ಡೊಂಬಿವಲಿಯಲ್ಲಿ ಈ ಹೋಟೆಲು ಹಾಕಿದೆ."

ಎಳೆಯ ಹುಡುಗರ ದುಡಿಮೆಯನ್ನು ಹೊಗಳುವ ಉದ್ದೇಶ ನಮಗಿಲ್ಲ. ಆ ಬಾಲ್ಯದ ನೋವನ್ನು ಚಿಕ್ಕಪ್ಪನ ಬಾಯಲ್ಲೇ ಬಹಳ ಸಲ ಕೇಳಿದ್ದೇವೆ. ಆದರೆ ಇಂಥ ಕೇಂದ್ರಗಳ ಬಲ ಯಾವುದರಲ್ಲಿದೆ ಎಂಬುದು ಅಂದು ನಮಗೆ ಸ್ಪಷ್ಟವಾಯಿತು. ಮೇಜು, ಯಂತ್ರ, ಅನುದಾನ, ಉಪನ್ಯಾಸ ಎಲ್ಲವೂ ಬೇಕು. ಆದರೆ ಅವು ಅರ್ಧ ಮಾತ್ರ. ಸೋತು ಬಂದ ರಾತ್ರಿ ತೆರೆಯುವ ಬಾಗಿಲು ಇನ್ನರ್ಧ. ಅದನ್ನು ಯಾವ ಯೋಜನೆಯೂ ಮಂಜೂರು ಮಾಡಲಾರದು. ವಿಶ್ವವಿದ್ಯಾಲಯಗಳು ಮರಳುವ ಅವಕಾಶವನ್ನು ನಿಯಮವಾಗಿ ಬರೆದಿಟ್ಟರೆ ಒಳ್ಳೆಯದು. ಬರೆಯುವವರೆಗೆ ಅದು ತಂದೆತಾಯಿಯರ ಕೆಲಸ. ಉಳ್ಳವರ ಮಕ್ಕಳಿಗೆ ಆ ಬಾಗಿಲು ಹುಟ್ಟಿನಿಂದಲೇ ಇದೆ. ಸಂಬಳದ ಮನೆಯ ಹೆಣ್ಣುಮಗಳಿಗೆ ಅದನ್ನು ಯಾರಾದರೂ ತೆರೆದು ಹಿಡಿಯಬೇಕು.

ಮಗಳಿಗೆ ಎರಡು ವರ್ಷದ ಲೀನ್ ಮಂಜೂರಾಯಿತು. ಅವಳು ನಕ್ಕಳು, ಮತ್ತೆ ಒಳಗೆ ಹೋಗಿ ಅತ್ತಳು.

ಈ ಮಳೆಗಾಲದಲ್ಲಿ ಎಪಿಎಂಸಿಯ ವ್ಯಾಪಾರಿಯೊಬ್ಬರು ಹತ್ತು ಚೀಲಗಳಲ್ಲಿ ಯಂತ್ರವಿಡಲು ಬಿಟ್ಟರು. ಅದು ಕೊಳೆತ ಈರುಳ್ಳಿಗೂ ಒದ್ದೆ ಗೋಣಿಗೂ ಒಂದೇ ಸಮನೆ ಕೂಗಿಕೊಂಡಿತು. ಮೂವರೂ ಈಗ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾರೆ. ರಾತ್ರಿ ಹತ್ತಕ್ಕೆ ಕರೆಗಂಟೆ ಬಾರಿಸಿದಾಗ ನಾವು ಯಂತ್ರದ ಸುದ್ದಿ ಎತ್ತುವುದಿಲ್ಲ. ಊಟ ಆಯಿತೇ ಎಂದಷ್ಟೇ ಕೇಳುತ್ತೇವೆ.

ನಮ್ಮ ಪಾಲಿನದೊಂದು ಕೆಲಸ ಬಾಕಿಯಿತ್ತು. 1964ರ ನಡತೆ ನಿಯಮಗಳ 15ನೆಯ ನಿಯಮದಂತೆ, ಸರ್ಕಾರಿ ನೌಕರನ ಕುಟುಂಬದವರು ವ್ಯಾಪಾರದಲ್ಲಿ ತೊಡಗಿದರೆ ಕಚೇರಿಗೆ ತಿಳಿಸಬೇಕು. ಇಬ್ಬರೂ ನೌಕರರಾದ್ದರಿಂದ ಎರಡು ಕಚೇರಿಗೆ ಎರಡು ಪತ್ರ. ಕಳೆದ ವಾರ ಊಟದ ಮೇಜಿನ ಮೇಲೆ ಬರೆಯಲು ಕುಳಿತಾಗ, ಉದ್ದಿಮೆಯ ಸ್ವರೂಪವೇನೆಂದು ಮಗಳನ್ನೇ ಕೇಳಿದೆವು. ಅವಳು ನಿಧಾನವಾಗಿ ಹೇಳುತ್ತ ಹೋದಳು. ನಾವು ಒಂದು ಅಕ್ಷರವನ್ನೂ ತಿದ್ದದೆ ಬರೆದುಕೊಂಡೆವು.