ಬಂಗು: ತಿಕ್ಕಿದರೆ ಹೋಗದ ಕಲೆ

ದೇಹವನ್ನು ದೇವಾಲಯವೆಂದು ಕಂಡ ಪರಂಪರೆ ನಮ್ಮದು. ಆದರೂ ಆ ದೇವಾಲಯದ ಗೋಡೆಯ ಬಣ್ಣ ತುಸು ಕಂದಿತೆಂದರೆ ನಾವು ಪಡುವ ಸಂಕಟ ಅಷ್ಟಿಷ್ಟಲ್ಲ. ಕೆನ್ನೆ, ಹಣೆ, ಮೂಗು, ಮೇಲ್ದುಟಿಗಳ ಮೇಲೆ ಮೂಡುವ ಕಂದುಬಣ್ಣದ ಕಲೆಯನ್ನು ನಮ್ಮ ಹಿರಿಯರು ‘ಬಂಗು’ ಎಂದು ಕರೆದರು. ವೈದ್ಯರು ಇದನ್ನು ಮೆಲಾಸ್ಮ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಇದರಲ್ಲಿ ನೋವಿಲ್ಲ, ತುರಿಕೆಯಿಲ್ಲ, ಪ್ರಾಣಭಯವಂತೂ ಇಲ್ಲವೇ ಇಲ್ಲ. ಹೀಗಿದ್ದೂ ಇದರ ಸಲುವಾಗಿ ನಮ್ಮ ಮನೆಗಳಲ್ಲಿ ಹರಿದ ಕಣ್ಣೀರು, ಕರಗಿದ ಹಣ, ಕೆಟ್ಟ ಮುಖಗಳು ಎಷ್ಟೋ. ಆದುದರಿಂದ ಈ ವಿಷಯವನ್ನು ಮನೆಮಂದಿಯೆಲ್ಲ ಅರಿತಿರುವುದು ಒಳ್ಳೆಯದು.

ನಮ್ಮ ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಮೆಲನಿನ್ ಎಂಬ ವರ್ಣದ್ರವ್ಯವನ್ನು ಸಿದ್ಧಪಡಿಸಿ ಹಂಚುವುದೇ ಅವುಗಳ ಕಾಯಕ. ಒಂದೊಂದು ಕೋಶವೂ ತನ್ನ ಸುತ್ತಲಿನ ಸುಮಾರು 36 ಕೋಶಗಳಿಗೆ ಈ ಬಣ್ಣವನ್ನು ದಾಸೋಹದಂತೆ ನೀಡುತ್ತದೆ. ಬಿಸಿಲಿನ ತೀಕ್ಷ್ಣ ಕಿರಣಗಳು ಒಳಗಿನ ಜೀವಾಣುವಿಗೆ ತಾಗದಂತೆ ಮೆಲನಿನ್ ಛತ್ರಿ ಹಿಡಿಯುತ್ತದೆ. ಬೆಳ್ಳಗಿರುವವರಲ್ಲಿಯೂ ಕಪ್ಪಗಿರುವವರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಬಣ್ಣದ ಬಗೆ ಮತ್ತು ಪ್ರಮಾಣಗಳಲ್ಲಿ ಮಾತ್ರ. ಮೇಲುಕೀಳಿನ ಮಾತಿಗೆ ಚರ್ಮದ ಒಳಗೆ ಎಡೆಯೇ ಇಲ್ಲ.

ಈ ಕೋಶಗಳು ಕೆರಳಿ ಅಗತ್ಯಕ್ಕಿಂತ ಹೆಚ್ಚು ಬಣ್ಣ ಸುರಿದಾಗ ಕಲೆ ಉಂಟಾಗುತ್ತದೆ. ಬಿಸಿಲು ಮೊದಲನೆಯ ಕಾರಣ. ಬಸುರಿನ ಕಾಲದ ಹಾರ್ಮೋನುಗಳ ಏರುಪೇರು, ಗರ್ಭನಿರೋಧಕ ಗುಳಿಗೆ, ವಂಶದ ಗುಣ ಇವು ಉಳಿದವು. ಮೊಡವೆ, ಸುಟ್ಟಗಾಯ, ಕೀಟದ ಕಡಿತ ಮಾಗಿದ ಮೇಲೆ ಉಳಿಯುವ ಕಪ್ಪು ಮಾತ್ರ ಬೇರೆ ಬಗೆಯದು. ಅದು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಬಂಗು ಅಷ್ಟು ಸುಲಭವಾಗಿ ಬಿಡುವಂಥದಲ್ಲ.

ನಮ್ಮ ಮನೆಯ ಸೊಸೆಗೆ ಎರಡನೆಯ ಹೆರಿಗೆಯ ಕಾಲಕ್ಕೆ ಎರಡೂ ಕೆನ್ನೆಗಳ ಮೇಲೆ ಬಂಗು ಮೂಡಿತು. ನೆರೆಮನೆಯವರು ಹೇಳಿದರೆಂದು ಆಕೆ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಒಂದು ಟ್ಯೂಬು ತರಿಸಿ ಹಚ್ಚತೊಡಗಿದಳು. ಹತ್ತೇ ದಿನಗಳಲ್ಲಿ ಮುಖ ತಿಳಿಯಾಯಿತು, ನೋಡಿದವರೆಲ್ಲ ಹೊಗಳಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೆನ್ನೆ ಕೆಂಪೇರಿ, ಎಳೆಗೂದಲು ಬೆಳೆದು, ಮೊಡವೆಗಳು ಎದ್ದವು. ಒಲೆಯ ಮುಂದೆ ನಿಂತರೆ ಉರಿ. ಹಚ್ಚುವುದನ್ನು ಬಿಟ್ಟರೆ ಮತ್ತಷ್ಟು ಉರಿ. ಕೊನೆಗೆ ಆಕೆ ಮದುವೆ ಮುಂಜಿಗಳಿಗೂ ಬರಲೊಲ್ಲೆನೆಂದು ಬಾಗಿಲು ಹಾಕಿಕೊಂಡು ಕೂಡುವಂತಾಯಿತು. ನಾವು ಆಕೆಯನ್ನು ಹುಬ್ಬಳ್ಳಿಯ ಚರ್ಮರೋಗ ತಜ್ಞರಲ್ಲಿಗೆ ಕರೆದೊಯ್ದೆವು. ಅವರು ಟ್ಯೂಬನ್ನು ತಿರುಗಿಸಿ ನೋಡಿ, “ಇದರಾಗ ಸ್ಟೀರಾಯ್ಡ್ ಅದ, ಅವ್ವಾರ. ಬಂಗು ಅಂದ್ರ ಹೊಲಸಲ್ಲ, ತಿಕ್ಕಿದ್ರ ಹೋಗೂದಿಲ್ಲ. ಅವಸರ ಮಾಡಿದಷ್ಟೂ ಅದು ಹಟ ಮಾಡ್ತದ” ಎಂದರು.

ಆ ಮುಲಾಮಿನಲ್ಲಿದ್ದುದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್‌ಗಳ ಮಿಶ್ರಣ. ಇಂಥ ಮಿಶ್ರಣವನ್ನು ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು 1975ರಲ್ಲಿ ವಿವರಿಸಿದ್ದರು. ತಜ್ಞರ ಕಣ್ಗಾವಲಿನಲ್ಲಿ ಕೆಲವು ವಾರಗಳ ಮಟ್ಟಿಗೆ ಇದು ಔಷಧಿಯೇ ಸರಿ. ಆದರೆ ನಿತ್ಯದ ಅಲಂಕಾರದ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. 2018ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೈಗೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ಇದಕ್ಕಿಂತ ಘೋರವಾದುದು ಪಾದರಸ ಬೆರೆಸಿದ ಬಿಳುಪಿನ ಕ್ರೀಮು. ಇಂಥವನ್ನು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡ ಪ್ರಕರಣಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಿಂದ ವರದಿಯಾದವು. ಹೆಸರು, ವಿಳಾಸ, ಒಳಗಿನ ವಸ್ತುಗಳ ವಿವರ ಇಲ್ಲದ ಡಬ್ಬಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದೇ ಲೇಸು.

ಹಾಗಾದರೆ ಮಾಡತಕ್ಕದ್ದೇನು? ಮೊದಲ ಚಿಕಿತ್ಸೆ ನೆರಳು. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಹೋಗುವಾಗ ಛತ್ರಿ ಇಲ್ಲವೆ ಸೆರಗು ತಲೆಯ ಮೇಲಿರಲಿ. ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲ್ಪಟ್ಟ ಸನ್‌ಸ್ಕ್ರೀನನ್ನು ಮುಖಕ್ಕೂ ಕೊರಳಿಗೂ ಧಾರಾಳವಾಗಿ ಹಚ್ಚಿ, ಬಿಸಿಲಿನಲ್ಲಿರುವಾಗ ಎರಡು ತಾಸಿಗೊಮ್ಮೆ ಪುನಃ ಹಚ್ಚಬೇಕು. ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮಂಥ ಕಂದುಚರ್ಮದವರಲ್ಲಿ ಬಂಗನ್ನು ಹೆಚ್ಚಿಸುವುದರಿಂದ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನು ಹೆಚ್ಚು ಉಪಯುಕ್ತ. ಇದಾದ ಮೇಲೆಯೇ ಔಷಧಿ. ಅಜಿಲೇಯಿಕ್ ಆಮ್ಲ, ಕೋಜಿಕ್ ಆಮ್ಲ, ಹೈಡ್ರೋಕ್ವಿನೋನ್, ಕೆಲವರಿಗೆ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ ಇವುಗಳಲ್ಲಿ ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಬಸುರಿಯರು ಟ್ರೆಟಿನಾಯಿನ್ ಹಚ್ಚಕೂಡದು. ರಕ್ತ ಹೆಪ್ಪುಗಟ್ಟುವ ತೊಂದರೆಯುಳ್ಳವರಿಗೆ ಟ್ರಾನೆಕ್ಸಾಮಿಕ್ ಗುಳಿಗೆ ಸಲ್ಲದು. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಬೇಸಿಗೆಯಲ್ಲಿ ಮತ್ತೆ ತಲೆದೋರಿದರೆ ಧೃತಿಗೆಡಬಾರದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಹೆಚ್ಚುತ್ತದೆ. ಒರಟು ಕಲ್ಲಿನಿಂದಲೋ ನಾರಿನಿಂದಲೋ ತಿಕ್ಕುವುದರಿಂದಲೂ ಅದೇ ಫಲ.

ಕೆಲವು ಕಲೆಗಳು ಒಳಗಿನ ಸುದ್ದಿಯನ್ನು ಹೊರಗೆ ಹೇಳುತ್ತವೆ. ಕೊರಳಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪನಾದ ಕಪ್ಪು ಬಂದರೆ ಅದು ಸ್ನಾನದ ಕೊರತೆಯಲ್ಲ, ಬಹುಮಟ್ಟಿಗೆ ಸಕ್ಕರೆ ಕಾಯಿಲೆಯ ಮುನ್ಸೂಚನೆ. ರಕ್ತ ಪರೀಕ್ಷೆ ಮಾಡಿಸಬೇಕು. ಕೈಬೆರಳ ಗೆಣ್ಣುಗಳು ಕಪ್ಪಾಗಿ, ಜೊತೆಗೆ ಆಯಾಸ, ಜೋಮು ಕಾಣಿಸಿದರೆ ಬಿ12 ಜೀವಸತ್ವದ ಕೊರತೆಯಿರಬಹುದು. ಸಸ್ಯಾಹಾರಿಗಳಾದ ನಮ್ಮ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹಾಲು ಮೊಸರುಗಳಲ್ಲಿ ಈ ಸತ್ವವಿದೆಯಾದರೂ ಎಲ್ಲರಿಗೂ ಅದು ಸಾಲದು. ಕೊರತೆ ನೀಗಿದಾಗ ಗೆಣ್ಣುಗಳ ಕಪ್ಪೂ ಇಳಿಯುತ್ತದೆ. ಕುಂಕುಮದಲ್ಲಿ ಬೆರೆಸುವ ಕೃತಕ ಬಣ್ಣಗಳು ಕೆಲವರ ಹಣೆಗೆ ಒಗ್ಗದೆ ಕಪ್ಪು ಕಲೆ ಉಳಿಸುತ್ತವೆ. ಶಿವದಾರ ಉಜ್ಜುವೆಡೆಯಲ್ಲಿ ಕಪ್ಪಾದರೆ ಮೆತ್ತನೆಯ ಹತ್ತಿಯ ದಾರವನ್ನು ಬಳಸಿ, ಬೆವರನ್ನು ಒರೆಸಿಕೊಳ್ಳುತ್ತಿದ್ದರೆ ಸಾಕು. ಧಾರಣೆಯನ್ನು ಬಿಡಬೇಕಾದ ಕಾರಣವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಮ್ಮ ಹೆಣ್ಣುಮಕ್ಕಳು ಆ ಟ್ಯೂಬಿಗೆ ಕೈ ನೀಡುವುದೇಕೆ? ವಧು-ವರಾನ್ವೇಷಣೆಯ ಪ್ರಕಟಣೆಗಳಲ್ಲಿ ‘ಬೆಳ್ಳಗಿರುವ ಕನ್ಯೆ ಬೇಕಾಗಿದೆ’ ಎಂದು ಬರೆಸುವವರು ನಾವಲ್ಲದೆ ಮತ್ತಾರು? 1975ರಲ್ಲಿ ಮಾರುಕಟ್ಟೆಗೆ ಬಂದ ದೇಶದ ಅತಿ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನೇ ತೆಗೆದುಹಾಕಿತು. ವ್ಯಾಪಾರಿಯೇ ಕೈಬಿಟ್ಟ ಪದವನ್ನು ಹರಳಯ್ಯ-ಮಧುವರಸರ ಬೀಗತನವನ್ನು ಹರಸಿದ ಶರಣರ ಮಕ್ಕಳಾದ ನಾವು ಹಿಡಿದುಕೊಂಡು ಕೂಡುವುದು ತರವೇ? ಕುಲವನ್ನು ಕೇಳಬಾರದೆಂದ ಧರ್ಮದಲ್ಲಿ ಕೆನ್ನೆಯ ಬಣ್ಣವನ್ನು ಕೇಳುವುದು ಸಲ್ಲುವ ಮಾತೇ?

ನಮ್ಮ ಸೊಸೆಯ ಮುಖದ ಉರಿ ಆರಲು ವರ್ಷವೇ ಹಿಡಿಯಿತು. ಬಂಗು ಬಹಳಷ್ಟು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಆಕೆ ಈಗ ಅಕ್ಕನ ಬಳಗದ ಸಭೆಗಳಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ವಚನ ಹಾಡುತ್ತಾಳೆ. ಉಳಿದ ಕಲೆಯನ್ನು ಯಾರಾದರೂ ಕೇಳಿದರೆ, ವೈದ್ಯರು ತನಗೆ ಹೇಳಿದುದನ್ನೆಲ್ಲ ಅವರಿಗೂ ಬಿಡಿಸಿ ಹೇಳಿ, “ಚೀಟಿ ಇಲ್ಲದ ಏನೂ ಹಚ್ಚಬ್ಯಾಡ್ರಿ, ಅಕ್ಕಾರ” ಎನ್ನುತ್ತಾಳೆ.